ಜಯಸಿಂಹನ ಸ್ಟಾಪ್‌ವಾಚ್

ಭಾನುವಾರ ಬೆಳಿಗ್ಗೆ ಆರೂವರೆಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಜಯಸಿಂಹ ನಲ್ಲಿ ತಿರುಗಿಸಿದ. ನೀರು ಬರಲಿಲ್ಲ. ನಿಟ್ಟುಸಿರಿನಂಥ ಒಂದು ಸದ್ದು ಬಂದು ನಿಂತಿತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಮೂರು ಮಹಡಿ ಇಳಿದು ಬಂದರೆ, ಸಂಪಿನ ಪಕ್ಕ ಕುರ್ಚಿ ಹಾಕಿಕೊಂಡು ಮನೆ ಮಾಲೀಕ ರಾಮಾಂಜಿನಪ್ಪನವರು ಪೇಪರ್ ಓದುತ್ತಿದ್ದರು.

“ನೀರು,” ಅಂದ ಜಯಸಿಂಹ, ನೊರೆಯ ನಡುವೆ ಎಷ್ಟು ಹೇಳಲಾಗುತ್ತದೋ ಅಷ್ಟು.

“ಟೈಮ್ ಮುಗೀತು ಸಾ,” ಅಂದರು ರಾಮಾಂಜಿನಪ್ಪ ತಲೆ ಎತ್ತದೆ. “ನಿನ್ನೆ ನೀವೇ ಏಳಿದ್ರಲ್ಲ, ಟೈಮ್ ಮುಗೀತು ಅಂತ. ನಮ್ ಮೋಟ್ರುಗೂ ಅಂಗೇ ಆಗೈತೆ.”

ನಡೆದದ್ದು ಇಷ್ಟು. ರಾಮಾಂಜಿನಪ್ಪನವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಟಿ. ದಾಸರಹಳ್ಳಿಯ ಮೂರು ಕಟ್ಟಡಗಳು ಬೆಳೆದು ನಿಂತಿದ್ದವು. ಖಾಲಿ ಉಳಿದಿದ್ದ ಒಂದೇ ಜಾಗಕ್ಕೆ ಮೊಮ್ಮಗ ಲಿಖಿತ್‌ಗೋಸ್ಕರ ಕಾಂಕ್ರೀಟ್ ಹಾಕಿಸಿ, ಎರಡು ಕಡೆ ಕಂಬ ನೆಟ್ಟು, ಬ್ಯಾಸ್ಕೆಟ್‌ಬಾಲ್ ಕೋರ್ಟ್ ಮಾಡಿಸಿದ್ದರು. ಆಟದ ನಿಯಮ ಅವರಿಗೆ ಅಷ್ಟಾಗಿ ತಿಳಿಯದು. ಮೊಮ್ಮಗ ಹಾಕಿದ್ದೆಲ್ಲ ಬ್ಯಾಸ್ಕೆಟ್, ಎದುರಾಳಿ ಮಾಡಿದ್ದೆಲ್ಲ ಫೌಲ್ ಎಂಬಷ್ಟು ತಿಳಿದಿತ್ತು.

ಬೇಸಿಗೆ ಟೂರ್ನಿಯ ಪ್ಲೇಆಫ್‌ನಲ್ಲಿ ಲಿಖಿತ್‌ನ ಮುನೇಶ್ವರ ಬಾಯ್ಸ್ ತಂಡಕ್ಕೆ ಎದುರಾದದ್ದು ಪೀಣ್ಯದ ಒಂದು ಕಾರ್ಖಾನೆಯ ತಂಡ. ಮೂರರಲ್ಲಿ ಎರಡು ಪಂದ್ಯ ಗೆದ್ದವರು ಫೈನಲ್‌ಗೆ. ಮೊದಲೆರಡನ್ನು ತಂಡಕ್ಕೊಂದರಂತೆ ಹಂಚಿಕೊಂಡಿದ್ದರು. ಮೂರನೆಯದು ಶನಿವಾರ ಸಂಜೆ. ಸಮಯ ನೋಡಲು ಜಯಸಿಂಹನನ್ನು ಕೂರಿಸಿದರು, ಏಕೆಂದರೆ ಸ್ಟಾಪ್‌ವಾಚಿನಿಂದಲೇ ಅನ್ನ ತಿನ್ನುವವನು ಆ ಬೀದಿಯಲ್ಲಿ ಅವನೊಬ್ಬನೇ. ಅದೇ ಕಾರ್ಖಾನೆಯಲ್ಲಿ ಅವನದು ಟೈಮ್ ಸ್ಟಡಿ ಕೆಲಸ. ಕೆಲಸಗಾರರ ಬೆನ್ನ ಹಿಂದೆ ನಿಂತು, ಒಂದು ತೂತು ಕೊರೆಯಲು ಎಷ್ಟು ಸೆಕೆಂಡು, ಒಂದು ಬೋಲ್ಟ್ ಬಿಗಿಯಲು ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವುದು. ಒಂದು ತಂಡದ ಯಜಮಾನರ ಮನೆಯಲ್ಲಿ ಬಾಡಿಗೆಗಿದ್ದಾನೆ, ಇನ್ನೊಂದು ತಂಡದ ಮ್ಯಾನೇಜರ್ ದೇವರಾಜ್ ಕೈಕೆಳಗೆ ದುಡಿಯುತ್ತಾನೆ, ಇಬ್ಬರಿಗೂ ಸಮಾನವಾಗಿ ಹೆದರುತ್ತಾನೆ, ಆದ್ದರಿಂದ ನಿಷ್ಪಕ್ಷಪಾತಿ ಎಂದು ಎಲ್ಲರೂ ಒಪ್ಪಿದರು.

ಕೊನೆಯ ಗಳಿಗೆಯಲ್ಲಿ ಕಾರ್ಖಾನೆ ಅರವತ್ತೊಂದು, ಮುನೇಶ್ವರ ಅರವತ್ತು. ಲಿಖಿತ್ ನೆಗೆದ, ಜಯಸಿಂಹ ಸಮಯ ಮುಗಿದ ಹಾರ್ನ್ ಒತ್ತಿದ, ಚೆಂಡು ಬಲೆಯೊಳಗೆ ಬಿತ್ತು. ಹಾರ್ನ್ ಮೊದಲೋ, ಚೆಂಡು ಕೈ ಬಿಟ್ಟದ್ದು ಮೊದಲೋ? ರೆಫರಿ ವಿಷ್ಣು ಮೇಷ್ಟ್ರು ಅನುಭವಸ್ಥರು. ಅವರು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ಜಯಸಿಂಹನ ಕಡೆ ಕೈ ತೋರಿಸಿದರು.

“ಹಾರ್ನ್ ಮೊದಲು. ಟೈಮ್ ಮುಗಿದಿತ್ತು,” ಅಂದ ಜಯಸಿಂಹ. ಅದು ನಿಜವೂ ಆಗಿತ್ತು. ಬ್ಯಾಸ್ಕೆಟ್ ಲೆಕ್ಕಕ್ಕಿಲ್ಲ ಎಂದು ಕೈ ಆಡಿಸಿದ ಮೇಷ್ಟ್ರು, ಕೋರ್ಟಿನಿಂದಲೇ ಬಸ್ ಹತ್ತಿ ತುಮಕೂರಿನ ಅತ್ತೆ ಮನೆಗೆ ಹೋಗಿಬಿಟ್ಟರು. ಜಯಸಿಂಹನಿಗೆ ತುಮಕೂರಿನಲ್ಲಿ ಯಾರೂ ಇರಲಿಲ್ಲ.

ಈಗ ಅವನು ನೊರೆ ಉಗಿದು ಕೇಳಿದ. “ಸಾರ್, ಸಂಜೆ ಆರಕ್ಕೆ ಅಗ್ರಿಮೆಂಟ್ ಸೈನ್ ಅಂದಿದ್ರಿ.”

“ನೋಡಾನ. ಮಾದನಾಯಕನಳ್ಳಿ ಕಡೆ ಮನೆಗಳು ಬೇಕಾದಂಗೆ ಸಿಗ್ತಾವಂತೆ ಸಾ. ಗಾಳಿನೂ ಚೆನ್ನಾಗೈತಂತೆ.”

ಜಯಸಿಂಹನ ಹನ್ನೊಂದು ತಿಂಗಳ ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಆರು ವರ್ಷದಲ್ಲಿ ಇದು ಅವನ ನಾಲ್ಕನೆಯ ಮನೆ. ಮಗಳು ಅಮೂಲ್ಯಾಳ ಕಾಲೇಜು ಇಲ್ಲಿಂದ ನಡೆಯುವಷ್ಟು ದೂರ. ಹೋದ ಸಲ ಮನೆ ಬದಲಾಯಿಸಿದಾಗಲೇ ಹೆಂಡತಿ ವೆಂಕಟಲಕ್ಷ್ಮಿ ಸ್ಪಷ್ಟವಾಗಿ ಹೇಳಿದ್ದಳು: “ಇನ್ನೊಂದ್ ಸಲ ಪಾತ್ರೆಗಳನ್ನ ಪೇಪರಲ್ಲಿ ಸುತ್ತು ಅಂದ್ರೆ, ನಿಮ್ಮನ್ನೂ ಅದ್ರಲ್ಲೇ ಸುತ್ತಿಟ್ಟು ನಾನು ತವರಿಗೆ ಹೋಗ್ತೀನಿ.” ಅವಳು ಹೇಳಿದ್ದನ್ನು ಮಾಡುವವಳು.

ನೀರಿನ ಕ್ಯಾನ್ ತರಲು ಮಲ್ಲಿಕ್‌ನ ಬೇಕರಿಗೆ ಹೋದರೆ ಅಲ್ಲಿ ಆಗಲೇ ವಿಚಾರಣೆ ನಡೆದಿತ್ತು. ಮಲ್ಲಿಕ್ ಗಲ್ಲಾದ ಮೇಲೆ ಒಂದು ಬನ್ನು, ಎರಡು ಬೆಣ್ಣೆ ಬಿಸ್ಕತ್ತು ಜೋಡಿಸಿ, ಸುತ್ತ ನಿಂತ ಎಂಟು ಹತ್ತು ಜನಕ್ಕೆ ಪಾಠ ಹೇಳುತ್ತಿದ್ದ.

“ಬನ್ನು ಲಿಖಿತ್. ಈ ಬಿಸ್ಕತ್ತು ಡಿಫೆಂಡರ್. ಬನ್ನು ಮೇಲೆ ಹೋಯ್ತು. ಈಗ ಬಿಸ್ಕತ್ತು ಬನ್ನಿನ ಕೈಗೆ ಹೊಡೀತು. ಹೇಳಿ, ಫೌಲ್ ಹೌದೋ ಅಲ್ವೋ?”

“ಅದನ್ಯಾಕೆ ಈಗ ಹೇಳ್ತೀಯ ಗುರು, ಎರಡನೇ ಮ್ಯಾಚಲ್ಲಿ ಬನ್ನು ಚೆಂಡು ಹಿಡ್ಕೊಂಡೇ ಮೂರು ಹೆಜ್ಜೆ ಓಡಿತ್ತಲ್ಲ, ಅದನ್ನೂ ರೆಫರಿ ನೋಡ್ಲಿಲ್ಲ,” ಅಂದ ಕಾರ್ಖಾನೆಯ ಪಕ್ಷದವನೊಬ್ಬ.

“ಅಮೆರಿಕದಲ್ಲಿ ಆಗಿದ್ರೆ ಟಿ.ವಿ. ಹಾಕ್ಕೊಂಡು ಹತ್ತು ಸಲ ನೋಡಿ ಹೇಳ್ತಾರೆ ಕಣ್ರೀ. ದಿನಾ ಬೆಳಿಗ್ಗೆ ಮೊಬೈಲಲ್ಲಿ ನೋಡ್ತೀನಿ ನಾನು.”

“ಅಲ್ಲೂ ಹತ್ತು ಸಲ ನೋಡಿ ತಪ್ಪೇ ಹೇಳ್ತಾರೆ ಬಿಡು ಮಚ್ಚಾ.”

ಜಯಸಿಂಹನನ್ನು ಕಂಡದ್ದೇ ಮಲ್ಲಿಕ್ ಬನ್ನನ್ನು ಎತ್ತಿ ಭರಣಿಗೆ ಹಾಕಿದ. ಕ್ಯಾನ್ ಕೊಟ್ಟ, ಆದರೆ ಯಾವಾಗಲೂ ಕೇಳದೆಯೇ ಕೊಡುತ್ತಿದ್ದ ಚಹಾ ಕೊಡಲಿಲ್ಲ. “ಅಣ್ಣ, ಹೆಬ್ಬೆಟ್ಟು ಒಂಚೂರು ಬೇಗ ಒತ್ತಿಬಿಟ್ರಿ ಅನ್ಸುತ್ತೆ,” ಅಂದ ಮೆಲ್ಲಗೆ. ಇಪ್ಪತ್ತೆರಡು ವರ್ಷ ಅದೇ ಹೆಬ್ಬೆಟ್ಟಿನಿಂದ ಸಂಸಾರ ಸಾಕಿದವನಿಗೆ ಆ ಮಾತು ಚೆನ್ನಾಗಿಯೇ ನಾಟಿತು.

ಮೆಟ್ಟಿಲ ಬಳಿ ಎರಡನೇ ಮಹಡಿಯ ಶ್ಯಾಮಲಾ ತಡೆದಳು. ಪಕ್ಕದವರಿಗೆ ಸಹಾಯ ಮಾಡದಿದ್ದರೆ ಅವಳಿಗೆ ತಿಂದದ್ದು ಅರಗುವುದಿಲ್ಲ.

“ನೀವೇನೂ ಯೋಚ್ನೆ ಮಾಡ್ಬೇಡಿ. ನನ್ ಹತ್ರ ವಿಡಿಯೋ ಇದೆ. ಟೆರೇಸಿಂದ ತೆಗ್ದಿದ್ದೀನಿ. ನಿಮ್ದೇ ಸರಿ ಅಂತ ಗೊತ್ತಾಗ್ಬಿಡ್ಲಿ ಅಂತ ಬೀದಿ ಗ್ರೂಪಿಗೂ ಹಾಕ್ಬಿಟ್ಟೆ.”

ಹನ್ನೊಂದು ಸೆಕೆಂಡಿನ ವಿಡಿಯೋ. ಲಿಖಿತ್ ಓಡಿದ, ನೆಗೆದ, ಕೈ ಎತ್ತಿದ. ಅಷ್ಟರಲ್ಲಿ ಟೆರೇಸಿನ ತಂತಿಯ ಮೇಲೆ ಒಣಗುತ್ತಿದ್ದ ನೀಲಿ ಹೂವಿನ ಬೆಡ್‌ಶೀಟೊಂದು ಗಾಳಿಗೆ ಎದ್ದು ಇಡೀ ಕೋರ್ಟನ್ನು ಮುಚ್ಚಿತು. ಅದು ಸರಿದಾಗ ಚೆಂಡು ಬಲೆಯಲ್ಲಿತ್ತು, ಜನ ಕೂಗುತ್ತಿದ್ದರು.

“ಬೆಡ್‌ಶೀಟ್ ಯಾರ್ದು ಅಂತ ಗ್ರೂಪಲ್ಲಿ ಎಲ್ರೂ ಕೇಳ್ತಿದ್ದಾರೆ,” ಅಂದಳು ಶ್ಯಾಮಲಾ. “ನಂಗೆ ಸುಳ್ಳು ಹೇಳಕ್ಕೆ ಬರಲ್ಲ. ನಿಮ್ದೇ ಅಂತ ಹಾಕ್ದೆ.”

ಹತ್ತು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಸಂಚಿನ ಪೂರ್ತಿ ವಿವರ ಸಿದ್ಧವಾಗಿತ್ತು. ಗಂಡ ಹಾರ್ನ್ ಒತ್ತುವುದು, ಹೆಂಡತಿ ಬೆಡ್‌ಶೀಟ್ ಒಣಗಿಸುವುದು, ಎಲ್ಲವೂ ಮೊದಲೇ ಮಾತಾಡಿಕೊಂಡದ್ದು. ವೆಂಕಟಲಕ್ಷ್ಮಿ ಅದನ್ನು ಕೇಳಿ, ಗಂಡನ ಜತೆ ಯಾವ ವಿಷಯವನ್ನೂ ಇಷ್ಟು ಚೆನ್ನಾಗಿ ಮಾತಾಡಿಕೊಂಡ ನೆನಪು ತನಗಿಲ್ಲ ಎಂದಳು.

ಮಧ್ಯಾಹ್ನ ದೇವರಾಜ್ ಫೋನ್ ಬಂತು. “ಜಯಸಿಂಹ, ಏನೋ ಗಲಾಟೆ ಅಂತೆ. ಮಾತು ಬದಲಾಯಿಸ್ಬೇಡಿ. ಟೈಮ್ ಸ್ಟಡಿ ಮಾಡೋನ ವಾಚೇ ತಪ್ಪು ಅಂತಾದ್ರೆ, ನಾಳೆ ನಮ್ಮ ಶಾಪ್‌ನಲ್ಲಿ ನೀವು ಬರೆದಿರೋ ಟೈಮಿಂಗ್ ಎಲ್ಲಾ ತಪ್ಪು ಅಂತ ಯೂನಿಯನ್‌ನವರು ಬಂದು ಕೂತ್ಕೋತಾರೆ. ಆಮೇಲೆ ನಿಮ್ಮನ್ನ ಇಟ್ಕೊಂಡು ನಾನೇನ್ ಮಾಡ್ಲಿ? ಸಂಜೆ ನಾನೂ ಬರ್ತೀನಿ, ಆ ಯಜಮಾನರು ಕರೆದಿದ್ದಾರೆ.”

ಮಾತು ಬದಲಾಯಿಸಿದರೆ ಕೆಲಸ, ಬದಲಾಯಿಸದಿದ್ದರೆ ಮನೆ. ಅತ್ತ ದರಿ, ಇತ್ತ ಪುಲಿ ಎಂಬಂತಾಯಿತು ಜಯಸಿಂಹನ ಸ್ಥಿತಿ. ಅನ್ನ ಕಲಸಿಕೊಂಡು ಕೂತಿದ್ದಾಗ ಬಾಗಿಲು ಬಡಿದರು. ರಾಮಾಂಜಿನಪ್ಪನವರು ಯುವ ದಂಪತಿಯೊಂದನ್ನು ಕರೆತಂದಿದ್ದರು.

“ಸುಮ್ಕೆ ನೋಡ್ಕೊಂಡೋಗ್ಲಿ ಅಂತ. ನೀವು ಊಟ ಮಾಡಿ ಸಾ.”

ಬಂದ ಹೆಂಗಸು ಹಾಲ್‌ನ ಉದ್ದವನ್ನು ಹೆಜ್ಜೆಯಲ್ಲಿ ಅಳೆದು, ಜಯಸಿಂಹ ಕೂತಿದ್ದ ಜಾಗ ತೋರಿಸಿ, “ಫ್ರಿಜ್ ಇಲ್ಲಿಗೆ ಬರುತ್ತೆ ಅಲ್ವಾ?” ಎಂದು ಗಂಡನನ್ನು ಕೇಳಿದಳು. ಅಡುಗೆಮನೆಯಿಂದ ವೆಂಕಟಲಕ್ಷ್ಮಿ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ಜಯಸಿಂಹ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ.

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಜಯಸಿಂಹನಿಗೆ ನೆನಪಾದದ್ದು ಟೈಮ್ ಸ್ಟಡಿಯ ಪುಸ್ತಕ. ಕೈ ತೊಳೆಯದೆ ಅರ್ಧ ಗಂಟೆ ಕೂತು ಯೋಚಿಸಿದ. ಆಮೇಲೆ ಎದ್ದು ಶರ್ಟು ಇಸ್ತ್ರಿ ಮಾಡಿಕೊಂಡ.

ಆರು ಗಂಟೆಗೆ ಕೋರ್ಟಿನ ತುಂಬ ಜನ. ಒಂದು ಕಡೆ ರಾಮಾಂಜಿನಪ್ಪ, ಲಿಖಿತ್. ಇನ್ನೊಂದು ಕಡೆ ಕೈಕಟ್ಟಿ ನಿಂತ ದೇವರಾಜ್. ನಡುವೆ ಜಯಸಿಂಹ.

“ನನ್ನ ವಾಚ್ ತಪ್ಪಿಲ್ಲ,” ಎಂದು ಶುರು ಮಾಡಿದ. ದೇವರಾಜ್ ತಲೆದೂಗಿದರು. “ಹಾರ್ನೂ ತಪ್ಪಿಲ್ಲ. ಆದ್ರೆ ನಾನು ಅಲವೆನ್ಸ್ ಸೇರಿಸೋದು ಮರೆತಿದ್ದೆ.”

“ಏನ್ ಸಾ ಅಂಗಂದ್ರೆ?” ಅಂದರು ರಾಮಾಂಜಿನಪ್ಪ.

“ಮನುಷ್ಯ ಮೆಷಿನ್ ಅಲ್ಲ ಸಾರ್. ಬೆವರು ಒರೆಸ್ಕೋತಾನೆ, ಕೆಮ್ತಾನೆ, ಸುಸ್ತಾಗ್ತಾನೆ. ಅದಕ್ಕೇ ಫ್ಯಾಕ್ಟ್ರೀಲಿ ನೂರು ಸೆಕೆಂಡಿನ ಕೆಲಸಕ್ಕೆ ಐದು ಸೆಕೆಂಡ್ ಸೇರಿಸಿ ನೂರೈದು ಅಂತ ಬರೀತೀವಿ. ಅದೇ ಅಲವೆನ್ಸ್. ಲಿಖಿತ್‌ಗೆ ತಡ ಆಗಿದ್ದು ಅರ್ಧ ಸೆಕೆಂಡು. ಅಲವೆನ್ಸ್ ಸೇರಿಸಿದ್ರೆ ಬ್ಯಾಸ್ಕೆಟ್ ಟೈಮೊಳಗೇ ಬರುತ್ತೆ.”

ವಾಚು ಸರಿ, ಹಾರ್ನು ಸರಿ, ಬ್ಯಾಸ್ಕೆಟ್ಟೂ ಸರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದಾಸರಹಳ್ಳಿಯಲ್ಲಿ ಹುಟ್ಟಿರಲಿಲ್ಲ. ರಾಮಾಂಜಿನಪ್ಪ ಬಂದು ಜಯಸಿಂಹನ ಬೆನ್ನು ತಟ್ಟಿದರು. “ನೋಡೋ ಲಿಖಿತ, ಓದ್ಕಂಡಿರೋರು ಅಂದ್ರೆ ಇಂಗಿರ್ಬೇಕು,” ಎನ್ನುತ್ತ ಜೇಬಿನಿಂದ ಕರಾರು ಪತ್ರ ತೆಗೆದು, ಮಲ್ಲಿಕ್‌ನ ಬೆನ್ನಿನ ಮೇಲೆ ಹರಡಿ, ಪೆನ್ನಿನ ಕ್ಯಾಪ್ ಬಿಚ್ಚಿದರು.

“ಅಲವೆನ್ಸ್ ಐದು ಪರ್ಸೆಂಟ್ ಅಂದ್ರಿ, ಅಲ್ವಾ?” ಅಂದರು ದೇವರಾಜ್, ಶಾಂತವಾಗಿ.

“ಹೌದು ಸಾರ್.”

“ಕೊನೇ ಶಾಟ್‌ಗೆ ಮಾತ್ರನಾ, ಇಡೀ ಕೆಲಸಕ್ಕಾ?”

ಸುಳ್ಳು ಹೇಳಿದ್ದರೆ ಬದುಕುತ್ತಿದ್ದ. ಆದರೆ ವೃತ್ತಿಯ ವಿಷಯದಲ್ಲಿ ಅವನಿಗೆ ಸುಳ್ಳು ಬರುವುದಿಲ್ಲ. “ಇಡೀ ಕೆಲಸಕ್ಕೇ ಸಾರ್.”

“ನಲವತ್ತು ನಿಮಿಷದ ಮ್ಯಾಚ್‌ಗೆ ಎಷ್ಟಾಗುತ್ತೆ?”

“ಎರಡು ನಿಮಿಷ,” ಎಂದು ಥಟ್ಟನೆ ಹೇಳಿ, ಜಯಸಿಂಹ ನಾಲಿಗೆ ಕಚ್ಚಿಕೊಂಡ.

“ಸರಿ. ಬ್ಯಾಸ್ಕೆಟ್ ನಿಮ್ದೇ ಯಜಮಾನ್ರೇ. ಅರವತ್ತೆರಡು ಅರವತ್ತೊಂದು, ನೀವೇ ಮುಂದೆ. ಆದ್ರೆ ಮ್ಯಾಚ್ ಮುಗಿದಿಲ್ಲ. ಇನ್ನೂ ಎರಡು ನಿಮಿಷ ಆಡ್ಬೇಕು. ಬೇಕಾದ್ರೆ ಅದ್ರಲ್ಲಿ ಆ ಅರ್ಧ ಸೆಕೆಂಡ್ ಕಳೀರಿ.”

ರಾಮಾಂಜಿನಪ್ಪ ಬೆರಳಲ್ಲಿ ಲೆಕ್ಕ ಹಾಕಿದರು. ಅಲವೆನ್ಸ್ ಬೇಡವೆಂದರೆ ಬ್ಯಾಸ್ಕೆಟ್ ಹೋಗುತ್ತದೆ, ಬೇಕೆಂದರೆ ಎರಡು ನಿಮಿಷ ಬರುತ್ತದೆ. ಸುತ್ತಲಿನ ಜನಕ್ಕಂತೂ ಇನ್ನೊಂದು ವಾರ ವಾದಿಸಲು ವಿಷಯ ಸಿಕ್ಕಿ ಬಹಳ ಸಂತೋಷವಾಯಿತು. ಉಳಿದ ಎರಡು ನಿಮಿಷದ ಆಟ ಮುಂದಿನ ಭಾನುವಾರ ಸಂಜೆ ಐದಕ್ಕೆ ಎಂದು ಅಲ್ಲೇ ಗೊತ್ತುಮಾಡಿದರು.

ರಾಮಾಂಜಿನಪ್ಪ ಪೆನ್ನಿಗೆ ಕ್ಯಾಪ್ ಹಾಕಿ, ಪತ್ರ ಮಡಿಸಿ ಜೇಬಿಗಿಟ್ಟರು. “ಆಟನೇ ಮುಗಿದಿಲ್ಲ ಅಂದ್ಮ್ಯಾಕೆ ಅಗ್ರಿಮೆಂಟ್‌ಗೇನು ಅವಸ್ರ ಸಾ. ಎರಡು ನಿಮಿಷ ಆಗೋಗ್ಲಿ. ಟೈಮ್ ಮಾತ್ರ ನೀವೇ ನೋಡ್ಬೇಕು. ಈ ಅಲವೆನ್ಸು ಬ್ಯಾರೆಯೋರ್ಗೆ ಗೊತ್ತಾಗಾಕಿಲ್ಲ.”

“ಜಯಸಿಂಹನೇ ನೋಡ್ಲಿ,” ಅಂದರು ದೇವರಾಜ್. ಶನಿವಾರದ ಹಾರ್ನ್ ಆದ ಮೇಲೆ ಇಬ್ಬರೂ ಒಪ್ಪಿದ ಮೊದಲ ಮಾತು ಅದು. “ನಮ್ಮ ಕಡೆ ಸೋತ್ರೆ ಮಾತ್ರ, ಸೋಮವಾರ ನೇರ ನನ್ನ ಕ್ಯಾಬಿನ್‌ಗೆ ಬಂದ್ಬಿಡಿ.”

ಜಯಸಿಂಹ ಮೂರು ಮಹಡಿ ಹತ್ತಿ ಮನೆಗೆ ಬಂದ. ವೆಂಕಟಲಕ್ಷ್ಮಿ ಬಾಗಿಲಲ್ಲೇ ಕಾಯುತ್ತಿದ್ದಳು.

“ಸೈನ್ ಆಯ್ತಾ?”

“ಇನ್ನೂ ಎರಡು ನಿಮಿಷ ಇದೆ.”

“ಎರಡ್ ನಿಮಿಷ ತಾನೆ,” ಅಂದಳು ವೆಂಕಟಲಕ್ಷ್ಮಿ. “ಅಲ್ಲೇ ನಿಂತಿದ್ದು ಹಾಕಿಸ್ಕೊಂಡೇ ಬರೋದಲ್ವಾ?”