ಗೌರಿ ಪರದೆಯೊಳಗೆ, ನಾನು ಹೊರಗೆ

ಕೆಲವರು ಹಾಡಿ ಬದುಕುತ್ತಾರೆ, ಕೆಲವರು ಮಾತಾಡಿ ಬದುಕುತ್ತಾರೆ. ನಾನು ಕಚ್ಚಿಸಿಕೊಂಡು ಬದುಕುವವನು. ಕೊಟ್ಟಿಗೆಯ ದನಗಳಿಗೆ ರೋಗ ಹರಡುವ ನೊಣಗಳನ್ನು ಹಿಡಿದು ಪರೀಕ್ಷೆಗೆ ಕಳಿಸುವುದು ನನ್ನ ಉದ್ಯೋಗ. ನೊಣ ಹೆಚ್ಚಿದ್ದಷ್ಟೂ ನನಗೆ ಸಂತೋಷ. ಇದನ್ನು ಹಸು ಸಾಕಿದವರ ಮುಂದೆ ಬಾಯಿಬಿಟ್ಟು ಹೇಳಬಾರದು ಎಂಬಷ್ಟು ಬುದ್ಧಿಯನ್ನು ಮಾತ್ರ ದೇವರು ಕೊಟ್ಟಿದ್ದಾನೆ. ನನ್ನ ಹೆಂಡತಿಯಂತೂ ನೆಂಟರು ಕೇಳಿದರೆ "ಆಫೀಸ್ ಕೆಲಸ" ಎಂದಷ್ಟೇ ಹೇಳಿ, ಕಾಫಿ ತರಲು ಒಳಗೆ ಹೋಗಿಬಿಡುತ್ತಾಳೆ.

ಹೋದ ಮಳೆಗಾಲದಲ್ಲಿ ದಿಬ್ಬೂರಹಳ್ಳಿಯ ಮುನಿರತ್ನಮ್ಮನವರ ಕೊಟ್ಟಿಗೆಗೆ ಹೋದೆ. ಪಕ್ಕದ ಊರಿನ ದನಗಳಿಗೆ ಚರ್ಮಗಂಟು ರೋಗ ಬಂದಿತ್ತು. ಇವರಿಗಿದ್ದದ್ದು ಒಂದೇ ಹಸು, ಗೌರಿ. ಅದೂ ತುಂಬು ಗಬ್ಬ. ನೊಣ ಓಡಿಸೋಣವೆಂದರೆ ಗೋಡೆಯಾಚೆಗೇ ರೇಷ್ಮೆಹುಳುವಿನ ಮನೆ. "ಹೊಗೆ ಹಾಕಂಗಿಲ್ಲ, ಔಷ್ದಿ ಹೊಡೆಯಂಗಿಲ್ಲ ಕಣಪ್ಪ. ಹುಳ ಇನ್ನೇನು ಗೂಡು ಕಟ್ತವೆ, ವಾಸ್ನೆ ಬಿದ್ರೂ ಸತ್ತೋಗ್ತವೆ. ಗೌರಿಗೇನಾದ್ರೂ ಆದ್ರೆ ನಾನಂತೂ ಉಳಿಯಲ್ಲ," ಎಂದರು. ಹಾಗೆನ್ನುತ್ತಲೇ ನನ್ನ ತೋಳು ಮೂಸಿ, ನಾನು ಹಚ್ಚಿಕೊಂಡಿದ್ದ ಸೊಳ್ಳೆ ಮುಲಾಮನ್ನು ಸೋಪು ಹಾಕಿ ತೊಳೆಸಿದರು.

ಅವರ ಕಣ್ಣಲ್ಲಿ ನೀರು ಕಂಡು ಸುತ್ತಮುತ್ತ ಹುಡುಕಿದೆ. ಹುಳುಮನೆಗೆ ಊಜಿ ನೊಣ ನುಗ್ಗದಂತೆ ಕಟ್ಟುವ ನೈಲಾನ್ ಪರದೆ ಒಂದಷ್ಟು ಮಿಕ್ಕು ಮೂಲೆಯಲ್ಲಿತ್ತು. "ಇದನ್ನೇ ಗೌರಿಗೂ ಕಟ್ಬಿಡಣ ಬಿಡಮ್ಮ," ಎಂದು ಜಂಬದಿಂದ ಏಣಿ ಹತ್ತಿ ನಾನೇ ಕಟ್ಟಿದೆ. ಇಳಿದ ಮೇಲೆ ಹೊಳೆಯಿತು, ಗೌರಿಯ ಮೈಮೇಲೆ ಕೂರದಿದ್ದರೆ ಇನ್ನು ನಾನು ನೊಣ ಹಿಡಿಯುವುದೆಲ್ಲಿ?

ಮರುದಿನದಿಂದ ಪ್ಯಾಂಟನ್ನು ಮೊಣಕಾಲಿಗೆ ಮಡಿಸಿ ಪರದೆಯ ಹೊರಗೆ ಕುಳಿತೆ. ಗೌರಿ ಸಿಗದ ನೊಣಗಳೆಲ್ಲ ನನ್ನ ಮೀನಖಂಡಕ್ಕೆ ಬಂದವು. ಕಚ್ಚಿದಾಗ "ಅಯ್ಯಪ್ಪಾ" ಎನ್ನುವುದು, ಸೀಸೆ ಕವುಚುವುದು. ಗೌರಿ ಒಳಗೆ ಮೆಲುಕು ಹಾಕುತ್ತಾ ನನ್ನನ್ನೇ ನೋಡುತ್ತಿದ್ದಳು. ಮನೆಯ ಹಿಂಬಾಗಿಲಿನಿಂದ ಟೀ ಹಿಡಿದು ಪರದೆಯೊಳಕ್ಕೆ ಬಂದ ಮುನಿರತ್ನಮ್ಮನವರನ್ನು, ನಾನೂ ಸ್ವಲ್ಪ ಹೊತ್ತು ಒಳಗೆ ಬರಲೇ ಎಂದು ಕೇಳಿದೆ. "ಬೇಡಪ್ಪ, ನಿನ್ ಜೊತೆ ಅವೂ ಬರ್ತವೆ. ಅಲ್ಲೇ ಕುಡಿ," ಎಂದು ಪರದೆಯ ಅಡಿಯಿಂದ ಟೀ ಲೋಟ ತಳ್ಳಿದರು.

ಹುಳುಗಳು ಗೂಡು ಕಟ್ಟಿದವು. ಗೌರಿ ಮೈಮೇಲೆ ಒಂದು ಗಂಟೂ ಏಳದೆ ಹೆಣ್ಣುಗರು ಹಾಕಿದಳು. ನನ್ನ ಹಸುವೇ ಕರು ಹಾಕಿದಷ್ಟು ಹಿಗ್ಗಾಯಿತು. ಅದೇ ಹಿಗ್ಗಿನಲ್ಲಿದ್ದಾಗ ನಮ್ಮ ಸಾಹೇಬರ ಫೋನು ಬಂತು. "ಭೇಷ್ ಕಣ್ರೀ! ಇಷ್ಟು ನೊಣ ಯಾರೂ ಕಳಿಸಿರಲಿಲ್ಲ. ಯಾವ ಪ್ರಾಣಿ ಮೇಲೆ ಹಿಡಿದ್ರಿ?"

"ಗಂಡು ಸಾರ್," ಎಂದೆ. "ವಯಸ್ಸು ಸ್ವಲ್ಪ ಆಗಿದೆ. ಆದ್ರೆ ಬಲು ಸಾಧು. ಕಟ್ಟಿಹಾಕೋದೇ ಬೇಡ, ಟೀ ಕೊಟ್ರೆ ಕೂತ ಕಡೆನೇ ಇರತ್ತೆ."