ಕಂಪ್ಯೂಟರಿಗೆ ಎಡೆ

ರಘುನಂದನನ ಪೀಕಲಾಟ ಶುರುವಾದದ್ದು ಒಂದು ಹಲ್ಲಿಯಿಂದ. ಜಂಗಮಕೋಟೆಯ ಬಯ್ಯಪ್ಪನವರ ಚಾಕಿ ಮನೆಯಲ್ಲಿ, ಅಂದರೆ ರೇಷ್ಮೆಯ ಮರಿಹುಳು ಸಾಕುವಲ್ಲಿ, ಕಾವು ತೇವ ನೋಡಿಕೊಳ್ಳುವ ಕಂಪ್ಯೂಟರಿನೊಳಗೆ ಅದು ಹೊಕ್ಕಿತು. ತಾನೂ ಸತ್ತು ಅದನ್ನೂ ಸುಟ್ಟಿತು.

ಆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ರಘುವಿಗೆ ಅಲ್ಲಿನ ಕೆಲಸದಲ್ಲಿ ಅವತ್ತೇ ಕೊನೆಯ ದಿನ. ಮಾರನೆಯ ಬೆಳಿಗ್ಗೆ ಚಿಂತಾಮಣಿಯಲ್ಲಿ ಹೊಸ ಕೆಲಸಕ್ಕೆ ಸೇರದಿದ್ದರೆ ಆ ಜಾಗ ಇನ್ನೊಬ್ಬನ ಪಾಲು.

"ಹೊಸ ಕಂಪ್ಯೂಟ್ರು ತಂದಿದೀನಿ. ಪ್ರೋಗ್ರಾಮ್ ಓಡಿಸ್ಬಿಟ್ಟು ಹೋಗಪ್ಪ, ನಾನೇನು ಕಾಲು ಹಿಡ್ಕೊಳಲ್ಲ," ಎಂದರು ಬಯ್ಯಪ್ಪ.

ಹಳೆಯ ಪ್ರೋಗ್ರಾಮು ಹೊಸದರಲ್ಲಿ ಕೂರಲಿಲ್ಲ. ಸೋರ್ಸ್ ಕೋಡಿನಿಂದಲೇ, ಅಂದರೆ ಬರೆದಿಟ್ಟ ಮೂಲ ಸಾಲುಗಳಿಂದಲೇ, ಮತ್ತೆ ಕಟ್ಟಬೇಕಾಯಿತು. ಅಡುಗೆಗೆ ಸಾಮಾನು ಹೊಂದಿಸಿದಂತೆ, ಅದಕ್ಕೆ ಬೇಕಾದ ಬಿಡಿ ತುಂಡುಗಳನ್ನು ಮೊದಲೇ ಒದಗಿಸಬೇಕು. ಇಲ್ಲಿ ಕೆಲಸ ಮಾಡಿದ ಒಬ್ಬೊಬ್ಬ ಮಹಾಶಯನೂ ತನ್ನದೊಂದು ತುಂಡು ಸೇರಿಸಿ, ಅದಕ್ಕೆ ತನ್ನ ಹೆಸರನ್ನೇ ಇಟ್ಟು ಹೋಗಿದ್ದ. ಶಾಲೆಗೆ ಫ್ಯಾನು ಕೊಟ್ಟು ರೆಕ್ಕೆಯ ಮೇಲೆ ಹೆಸರು ಬರೆಸುವ ಜನ ನಮ್ಮವರು, ಬಿಡುತ್ತಾರೆಯೇ?

ರಘು ಎಂಟರ್ ಒತ್ತಿದ. ಪರದೆಯ ಮೇಲೆ ಬಂತು: 'ಕಟ್ಟಲು ಬೇಕು: ವರದರಾಜ.'

ಹಿಂದೆ ಇಲ್ಲಿದ್ದ ವರದರಾಜನಿಗೆ ಫೋನ್ ಮಾಡಿದ. ಅವನು ತನ್ನ ತುಂಡು ಕಳಿಸಿದ. ಆಗ ಬಂತು: 'ವರದರಾಜನನ್ನು ಕಟ್ಟಲು ಬೇಕು: ಕೋನಪ್ಪ.'

ಮತ್ತೆ ಫೋನ್.

"ಕೋನಪ್ಪಂದು ನನ್ ಹತ್ರ ಯಾವತ್ತೂ ಇರ್ಲಿಲ್ಲ ಕಣೋ. ನಾನು ಕಟ್ಟೋವಾಗ ಅದೇ ಬಂತು," ಎಂದ ವರದರಾಜ.

"ಅದೇ ಬಂತು ಅಂದ್ರೆ?"

"ಕೇಳ್ಬೇಡ." ಫೋನ್ ಇಟ್ಟುಬಿಟ್ಟ.

ಹುಳುವಿಗೆ ಸೊಪ್ಪು ಹಾಕುವ ಚಿಕ್ಕವೆಂಕಟಮ್ಮ ಬೆನ್ನ ಹಿಂದೆಯೇ ಇಣುಕುತ್ತಿದ್ದರು. "ಯಾರು ಬೇಕಂತಪ್ಪ?"

"ಕೋನಪ್ಪ ಅಂತೆ."

"ವರದರಾಜಂಗಿಂತ ಮುಂಚೆ ಇದನ್ನ ನೋಡ್ಕೊಂತಿದ್ದ ಕೋನಪ್ಪಣ್ಣ ಇದೇ ರೂಮ್ನಾಗೆ ತಾನೇ ಪ್ರಾಣ ಬಿಟ್ಟಿದ್ದು. ಹಿರೀಕರು ಸುಮ್ಸುಮ್ನೆ ಬರ್ತಾರಾ? ಎಡೆ ಇಕ್ಕಬೇಕು."

ರಘುವಿಗೆ ಮೈ ಉರಿಯಿತು. ಭಯವೂ ಆಯಿತು, ಅದನ್ನು ಹೇಳಿಕೊಳ್ಳಲಿಲ್ಲ. ಇಂಟರ್‌ನೆಟ್ಟೆಲ್ಲ ಜಾಲಾಡಿದ. ಕೋನಪ್ಪ ಎಲ್ಲೂ ಇಲ್ಲ. ಬಸ್ಸಿನ ಹೊತ್ತಾಗುತ್ತಿತ್ತು.

"ಅದೇನ್ ಇಕ್ತೀರೋ ಇಕ್ಕಿ ಅಕ್ಕ," ಎಂದ.

ಕೀಬೋರ್ಡಿನ ಮುಂದೆ ಬಾಳೆಲೆ ಬಂತು. ಮುದ್ದೆ, ಸೊಪ್ಪಿನ ಸಾರು, ಒಂದು ಕಟ್ಟು ಬೀಡಿ. ಬಯ್ಯಪ್ಪನವರೇ ಊದುಬತ್ತಿ ಹಚ್ಚಿದರು. ಹಿರಿಯರು ಉಣ್ಣುವಾಗ ನೋಡಬಾರದು, ಹಾಗಾಗಿ ಮೂವರೂ ಹೊರಬಂದು ಬಾಗಿಲೆಳೆದುಕೊಂಡರು.

ಒಳಗಿನಿಂದ ಸರಸರ ಮೆಲ್ಲುವ ಸದ್ದು.

"ಹುಳ ಮೇಯ್ತಾವೆ," ಎಂದ ರಘು.

"ಬೆಳಿಗ್ಗೆಯಿಂದ ಜ್ವರಕ್ಕೆ ಕೂತವೆ. ಪೊರೆ ಬಿಡೋವರ್ಗೂ ಹುಳ ಬಾಯಿ ತೆಗೆಯಲ್ಲ," ಎಂದರು ಚಿಕ್ಕವೆಂಕಟಮ್ಮ.

ರಘು ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಸದ್ದು ನಿಂತ ಮೇಲೆ ಬಾಗಿಲು ತೆಗೆದರು. ಮುದ್ದೆ ಇಟ್ಟ ಹಾಗೇ ಇತ್ತು. ಬೀಡಿಕಟ್ಟು ಬಿಚ್ಚಿತ್ತು. ಪರದೆಯ ಮೇಲೆ ಸಾಲುಗಳು ತಾವಾಗಿ ಓಡುತ್ತಿದ್ದವು. ಕೋನಪ್ಪ ಸಿಕ್ಕಿದ್ದ, ವರದರಾಜ ಕಟ್ಟಿಕೊಂಡಿದ್ದ. ಹುಳುಗಳಿಗೆ ಗಾಳಿ ಆಡಿಸುವ ಫ್ಯಾನುಗಳು ಗಿರ್ರೆಂದವು. ರಘು ಹಿಗ್ಗಿ ಗೋಡೆಗೂ ಕೈಮುಗಿದು, ಬ್ಯಾಗು ಹೆಗಲಿಗೇರಿಸಿದ.

"ಬರ್ತೀನಿ ಸಾರ್."

ಹೊಸ್ತಿಲು ದಾಟಿದ. ಫ್ಯಾನುಗಳು ನಿಂತವು. ಒಳಗೆ ಬಂದ, ತಿರುಗಿದವು. ಮತ್ತೆ ದಾಟಿದ, ಮತ್ತೆ ನಿಂತವು.

ಬಯ್ಯಪ್ಪ ಕನ್ನಡಕ ಏರಿಸಿ ಪರದೆಯ ಕೊನೆಯ ಸಾಲು ಓದಿದರು: 'ಕಟ್ಟಿದ್ದಾಯಿತು. ನಡೆಯಲು ಬೇಕು: ರಘುನಂದನ್.'

"ನಾನು ಎಲ್ಲೂ ನನ್ ಹೆಸರು ಬರೆದಿಲ್ಲ ಸಾರ್." ರಘು ಹೊಸ್ತಿಲಾಚೆಯಿಂದಲೇ ಕೂಗಿದ.

"ಗೊತ್ತಪ್ಪ. ವರದರಾಜನೂ ಹಂಗೇ ಅಂದಿದ್ದ. ನೀನು ಬಂದ್ಮೇಲೆ ತಾನೇ ಅವನನ್ನ ಬಿಡ್ತು." ಬಯ್ಯಪ್ಪ ನಿರಾಳವಾಗಿ ಚಿಕ್ಕವೆಂಕಟಮ್ಮನ ಕಡೆ ತಿರುಗಿದರು. "ಕೋನಪ್ಪನ ಮಂಚ ಅಟ್ಟದ ಮೇಲಿದೆಯಲ್ಲಮ್ಮ, ಇಳಿಸಿ ಇಲ್ಲೇ ಹಾಕ್ಸು."