ಇಲ್ಲದ ಎತ್ತಿನ ವ್ಯಾಪಾರ

ನಮ್ಮ ಸೋದರಮಾವ ಇಲ್ಲದ ಎತ್ತನ್ನು ಮಾರುವ ಮನುಷ್ಯ. ಅದನ್ನು ದಿನಾ ಕೊಳ್ಳುವ ಗಿರಾಕಿಯೂ ಅವರಿಗೆ ಸಿಕ್ಕಿದ್ದಾಳೆ ಎಂದರೆ ನಂಬುತ್ತೀರಾ? ಗಿರಾಕಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ನನ್ನ ಮಗಳು!

ಮಾವ ಚಿಂತಾಮಣಿ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವರು. ಮಂಡಿನೋವು ಶುರುವಾದ ಮೇಲೆ ಚಿಕ್ಕಬಳ್ಳಾಪುರದ ನಮ್ಮ ಮನೆ ಸೇರಿದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಅದುಮಿ, ಬೆರಳಿನ ಲೆಕ್ಕದಲ್ಲಿ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಅವರ ಮುಖ ಮಾತ್ರ.

ಆ ಹೊತ್ತಿಗೆ ನನ್ನ ಚಿಂತೆ ಬೇರೆಯೇ ಇತ್ತು. ಪಕ್ಕದ ಮನೆಯ ಮಗು ಕಾಗೆ, ಬಸ್ಸು, ತಾತ ಎಲ್ಲ ಹೇಳುತ್ತಿತ್ತು. ನನ್ನ ಮಗಳು "ಅಮ್ಮ" ಎಂದು ಕೂಡ ಅಂದಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯಿರಿ ಎಂದಿದ್ದರು ಡಾಕ್ಟರು. ಕಾಯುವುದು ತಾಯಿಯಿಂದ ಆಗುವ ಕೆಲಸವೇ? ನಾನು ಪಾಠ ಮಾಡುವ ಸ್ಕೂಲಿನಿಂದ ಬಂದವಳೇ ಚಿತ್ರದ ಕಾರ್ಡು ಹಿಡಿದು, "ಹೇಳಮ್ಮ, ಆಪಲ್. ಹೇಳೇ, ಬಾಲ್" ಎಂದು ಕೂರುತ್ತಿದ್ದೆ. ಅವಳು ತುಟಿ ಬಿಗಿದುಕೊಂಡು ಮಾವನ ಕೋಣೆಗೆ ನಡೆದುಬಿಡುತ್ತಿದ್ದಳು.

ಅಲ್ಲಿ ದಿಂಬೇ ಎತ್ತು. ಮಾವ ಅದರ ಮೂಲೆ ಎತ್ತಿ ಹಲ್ಲು ನೋಡುವರು, ಬೆನ್ನು ತಟ್ಟುವರು, ಟವೆಲ್ಲು ಹೊದಿಸಿ ಮಗುವಿನ ಬೆರಳು ಅದುಮುವರು. ಅವಳು ತಿರುಗಿ ಅದುಮಿದರೆ ಬೆಲೆ ಸಾಲದೆಂದು ಹೌಹಾರಿ ಎದ್ದು ಹೋಗುವರು. ಅವಳೂ ಹೌಹಾರಿ, ಕೈ ಹಿಂದೆ ಕಟ್ಟಿಕೊಂಡು, ಮಾವನ ಮಂಡಿನೋವಿನ ಕುಂಟು ಸಮೇತ ಇನ್ನೊಂದು ದಿಕ್ಕಿಗೆ ಹೊರಡುವಳು!

"ಮಾವ, ಮಾತು ಕಲಿಸಿ ಅಂದ್ರೆ ಇದೇನು ಮಾಡ್ತಿದ್ದೀರಾ?"

"ಸುಮ್ನಿರಮ್ಮ, ವ್ಯಾಪಾರ ಕೆಡುತ್ತೆ."

ಒಂದು ಭಾನುವಾರ ನಮ್ಮ ಹೆಡ್‌ಮಾಸ್ಟರು ಮನೆಗೆ ಬಂದರು. ಮಗಳು ಅವರ ತೊಡೆ ಏರಿ, ತುಟಿ ಎತ್ತಿ ಹಲ್ಲು ಪರೀಕ್ಷಿಸಿ, ಬೇಸರದಿಂದ ತಲೆಯಾಡಿಸಿದಳು. "ವಯಸ್ಸಾಗಿದೆ ಅಂತಿದ್ದಾಳೆ ಸಾರ್" ಎಂದು ಮಾವ ಅರ್ಥ ಬಿಡಿಸಿ ಹೇಳಿದರು. ಕೇಳಬೇಕೆಂದಿದ್ದ ರಜೆಯನ್ನು ನಾನು ಆವತ್ತು ಕೇಳಲಿಲ್ಲ.

ಮಾವ ತೊಂಡೇಬಾವಿಗೆ ಮದುವೆಗೆ ಹೋದ ದಿನ, ಪಕ್ಕದ ಮನೆಯಾಕೆ "ಇನ್ನೂ ಮಾತಾಡಲ್ವಾ?" ಎಂದು ಕೇಳಿದಳು. ನನಗೆ ಕಾರ್ಡು ಹಿಡಿಯುವ ತ್ರಾಣವೂ ಉಳಿಯಲಿಲ್ಲ. ಸುಮ್ಮನೆ ನೆಲದ ಮೇಲೆ ಕೂತುಬಿಟ್ಟೆ. ಮಗಳು ದಿಂಬನ್ನು ಎಳೆದು ತಂದು ನನ್ನ ಮುಂದೆ ನಿಲ್ಲಿಸಿದಳು. ಟವೆಲ್ಲು ಮಾವನ ಹೆಗಲ ಮೇಲೆ ಊರಿಗೆ ಹೋಗಿತ್ತಲ್ಲ, ನನ್ನ ಸೆರಗನ್ನೇ ಕೈಗಳ ಮೇಲೆ ಎಳೆದುಕೊಂಡಳು. ನನ್ನ ಎರಡು ಬೆರಳು ಅದುಮಿ, ಮುಖ ನೋಡುತ್ತ ಕಾದಳು. ಇಷ್ಟು ದಿನ ಅವಳ ಉತ್ತರಕ್ಕೆ ನಾನು ಪರದಾಡುತ್ತಿದ್ದೆ. ಈಗ ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಅವಳ ಒಂದು ಬೆರಳು ಅದುಮಿದೆ.

ಅವಳು ಹೌಹಾರಿ ಕಣ್ಣರಳಿಸಿ, "ವದ್ದು" ಎಂದಳು.

ತೆಲುಗಿನಲ್ಲಿ ಬೇಡ ಎಂದು! ಚಿಂತಾಮಣಿ ಸಂತೆಯ ತೆಲುಗು, ಬೆಲೆ ಒಪ್ಪದಾಗ ಮಾವ ಆಡುವ ವ್ಯಾಪಾರದ ಮಾತು. ನನ್ನ ಮಗಳು ಆಡಿದ ಮೊದಲ ಮಾತೇ ಅಮ್ಮನಿಗೆ ಒಲ್ಲೆ ಎಂದದ್ದು. ಆದರೂ ಅದು ನನಗೆ ಹೇಳಿದ ಮಾತು. ಅಳು ಉಕ್ಕಿ ಬಂತು. ಸೆರಗಿನ ಕೆಳಗೆ ಆ ಪುಟ್ಟ ಕೈ ಇನ್ನೂ ನನ್ನ ಬೆರಳು ಬಿಟ್ಟಿರಲಿಲ್ಲ, ಮುಂದಿನ ಬೆಲೆ ಕೇಳುತ್ತಿತ್ತು. ಐದೂ ಬೆರಳನ್ನು ಅವಳಿಗೆ ಕೊಟ್ಟುಬಿಟ್ಟೆ.